ಭಂಗಿ ಔಷಧದ ಮಳಿಗೆಗಳೂ ಜಾಲತಾಣದ ವೇಗವೂ: ಒಂದು ವಿವೇಚನೆ

೧. ವಿಷಯಪ್ರವೇಶ

ಭಂಗಿಗಿಡದಿಂದ ತಯಾರಾದ ಔಷಧಗಳನ್ನು ಕಾನೂನಿನ ಮೇರೆಯೊಳಗೆ ಮಾರುವ ಮಳಿಗೆಗಳ ಜಾಲತಾಣಗಳು ಬೇಗನೆ ತೆರೆದುಕೊಳ್ಳುವಂತೆಯೂ, ಗ್ರಾಹಕನ ಬೆರಳಿಗೆ ತಡವಿಲ್ಲದೆ ಸ್ಪಂದಿಸುವಂತೆಯೂ ಮಾಡುವುದು ಹೇಗೆಂಬುದು ಈ ಲೇಖನದ ವಿಷಯ. ಇದು ಯಂತ್ರತಜ್ಞರಿಗೆ ಬಿಡತಕ್ಕ ಮಾತು, ಇತಿಹಾಸವನ್ನು ಬೋಧಿಸುವವನಿಗೆ ಇದರಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಅಪಾಯವೂ ಉಪಯೋಗವೂ ಕೂಡಿರುವ ವಸ್ತುವೊಂದನ್ನು ಸಮಾಜವು ಯಾರ ಕೈಗೆ, ಯಾವ ಬಾಗಿಲಿನಿಂದ, ಯಾವ ಎಚ್ಚರಿಕೆಯೊಡನೆ ಕೊಡುತ್ತದೆ ಎಂಬುದು ಇತಿಹಾಸದ ಹಳೆಯ ಪ್ರಶ್ನೆಗಳಲ್ಲಿ ಒಂದು. ಆ ಬಾಗಿಲು ಹಿಂದೆ ಪರವಾನಗಿಯ ಅಂಗಡಿಯಾಗಿದ್ದಿತು. ಇಂದು ಅನೇಕರ ಪಾಲಿಗೆ ಅದು ಮೊಬೈಲಿನ ಪರದೆಯ ಮೇಲೆ ತೆರೆಯುವ ಒಂದು ಪುಟವಾಗಿದೆ. ಬಾಗಿಲು ಎಷ್ಟು ಬೇಗ ತೆರೆಯುತ್ತದೆ ಎಂಬುದರ ಮೇಲೆ ಒಳಗೆ ಬರುವವರು ಯಾರು, ಹಿಂದಿರುಗುವವರು ಯಾರು ಎಂಬುದು ನಿಂತಿದೆ.

ವಿಷಯವನ್ನು ಮೂರ್ತಗೊಳಿಸಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯಲ್ಲಿ ಬಹುಕಾಲದ ನೋವಿನಿಂದ ನರಳುವ ಒಬ್ಬ ವೃದ್ಧೆಯಿದ್ದಾಳೆ. ವೈದ್ಯರೊಬ್ಬರು ಆಕೆಗೆ ವಿಜಯಾ, ಎಂದರೆ ಭಂಗಿಸೊಪ್ಪು, ಸೇರಿದ ಆಯುರ್ವೇದ ಔಷಧವೊಂದನ್ನು ಬರೆದುಕೊಟ್ಟಿದ್ದಾರೆ. ಆ ಔಷಧ ಊರಿನ ಅಂಗಡಿಯಲ್ಲಿ ದೊರೆಯದು. ಮಗನು ತನ್ನ ಅಗ್ಗದ ಮೊಬೈಲಿನಲ್ಲಿ, ಸಂಜೆಯ ಹೊತ್ತು ಸಂಪರ್ಕವು ಕುಗ್ಗಿರುವಾಗ, ಬೆಂಗಳೂರಿನ ಒಂದು ಮಳಿಗೆಯ ಪುಟವನ್ನು ತೆರೆಯುತ್ತಾನೆ. ಪುಟ ಬಿಳಿಯಾಗಿಯೇ ನಿಂತರೆ ಅವನು ಏನು ಮಾಡಬೇಕು? ಬೆಂಗಳೂರು ೫೦೦ ಕಿಲೋಮೀಟರಿಗೂ ಆಚೆಗಿದೆ. ಕಾನೂನಿಗೆ ಹೊರಗಾಗಿ ಗಾಂಜಾ ಮಾರುವವನಿಗಾದರೋ ಪುಟವೂ ಬೇಡ, ಚೀಟಿಯೂ ಬೇಡ. ನಮ್ಮ ಚರ್ಚೆಯಲ್ಲಿ ಪಣಕ್ಕಿರುವುದು ಇದೇ. ನೆಟ್ಟಗಿನ ಬಾಗಿಲು ತಡವಾಗಿ ತೆರೆದಷ್ಟೂ ಹಿತ್ತಿಲ ಬಾಗಿಲಿಗೆ ಬಲ ಬರುತ್ತದೆ.

೨. ಪರವಾನಗಿಯ ಅಂಗಡಿಯಿಂದ ಪರದೆಯ ಪುಟಕ್ಕೆ

ಹಿಂದಿನ ವ್ಯವಸ್ಥೆಯನ್ನು ಸಂಕ್ಷೇಪವಾಗಿ ನೆನೆಯುವುದು ಅವಶ್ಯ. ನಮ್ಮ ಜಿಲ್ಲೆಯು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಅಲ್ಲಿ ೧೮೭೮ರ ಅಬಕಾರಿ ಕಾಯಿದೆಯು ಮದ್ಯದೊಡನೆ ಗಾಂಜಾ, ಭಂಗಿ ಮೊದಲಾದ ಮಾದಕವಸ್ತುಗಳನ್ನೂ ಪರವಾನಗಿಯ ಕಟ್ಟಿಗೆ ಒಳಪಡಿಸಿತು. ೧೮೯೩ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ ಭಾರತ ಸರ್ಕಾರವು ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ಆ ಆಯೋಗವು ದೇಶದ ನಾನಾ ಭಾಗಗಳಲ್ಲಿ ಸಾಕ್ಷ್ಯವನ್ನು ಸಂಗ್ರಹಿಸಿ, ೧೮೯೪ರಲ್ಲಿ ಅನೇಕ ಸಂಪುಟಗಳ ವರದಿಯನ್ನು ಒಪ್ಪಿಸಿತು. ಪೂರ್ಣ ನಿಷೇಧವನ್ನು ಅದು ಸೂಚಿಸಲಿಲ್ಲ. ತೆರಿಗೆ, ಪರವಾನಗಿ, ಅಂಗಡಿಗಳ ಸಂಖ್ಯೆಯ ಮಿತಿ ಇವುಗಳಿಂದ ನಿಯಂತ್ರಿಸುವುದೇ ಲೇಸೆಂದು ಅಭಿಪ್ರಾಯಪಟ್ಟಿತು. ಈ ನಿಲುವಿನ ಹಿಂದಿದ್ದ ತರ್ಕವು ಗಮನಾರ್ಹ. ಕಣ್ಣಿಗೆ ಕಾಣುವ ಅಂಗಡಿಯನ್ನು ನಿಯಂತ್ರಿಸಬಹುದು; ಕಾಣದ ಮಾರಾಟವನ್ನು ನಿಯಂತ್ರಿಸುವುದು ಕಷ್ಟ.

ಸ್ವಾತಂತ್ರ್ಯಾನಂತರ, ೧೯೬೧ರ ಅಂತರರಾಷ್ಟ್ರೀಯ ಒಡಂಬಡಿಕೆಯ ಹಿನ್ನೆಲೆಯಲ್ಲಿ, ೧೯೮೫ರ ಮಾದಕದ್ರವ್ಯಗಳ ಕಾಯಿದೆಯು ಬಂದು ಆ ವರ್ಷದ ನವೆಂಬರ್ ೧೪ರಿಂದ ಜಾರಿಯಾಯಿತು. ಆ ಕಾಯಿದೆಯು ಗಾಂಜಾ ಎಂಬುದನ್ನು ಗಿಡದ ಹೂಬಿಟ್ಟ ಅಥವಾ ಕಾಯಿಗಟ್ಟಿದ ತುದಿಗಳೆಂದು ವಿವರಿಸುತ್ತದೆ. ತುದಿಯೊಡನೆ ಕೂಡಿರದ ಎಲೆ ಮತ್ತು ಬೀಜಗಳು ಆ ವ್ಯಾಖ್ಯೆಗೆ ಹೊರಗು. ೨೦೨೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಒಂದು ಜಾಮೀನು ಅರ್ಜಿಯನ್ನು ಇತ್ಯರ್ಥಪಡಿಸುವಾಗ, ಭಂಗಿಯು ಈ ಕಾಯಿದೆಯ ನಿಷೇಧಕ್ಕೆ ಒಳಪಟ್ಟಿಲ್ಲವೆಂದು ಹೇಳಿತು. ಆದರೆ ಅಬಕಾರಿ ಮತ್ತು ಔಷಧ ಕಾನೂನುಗಳ ಕಟ್ಟುಪಾಡುಗಳು ಬೇರೆಯೇ ಇವೆ ಎಂಬುದನ್ನು ಮರೆಯಲಾಗದು. ೧೯೪೦ರ ಔಷಧ ಕಾಯಿದೆಯ ನಿಯಮಾವಳಿಯಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯೊಂದುಂಟು. ಭಂಗಿಯು ಅದರಲ್ಲಿ ಸೇರಿದೆ. ಅಂಥ ದ್ರವ್ಯವುಳ್ಳ ಔಷಧದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದೆಂಬ ಎಚ್ಚರಿಕೆ ಇರಲೇಬೇಕು. ೧೯೫೪ರ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆಯು ಕ್ಯಾನ್ಸರ್, ಅಪಸ್ಮಾರ, ಮಧುಮೇಹವೇ ಮೊದಲಾದ ರೋಗಗಳನ್ನು ಗುಣಪಡಿಸುವೆವೆಂಬ ಜಾಹೀರಾತನ್ನು ತಡೆಯುತ್ತದೆ.

ಈ ಚೌಕಟ್ಟಿನೊಳಗೆ ನಮ್ಮಲ್ಲಿ ವಿಜಯಾ ಔಷಧಗಳ ಮಾರಾಟವು ಬೆಳೆದಿದೆ. ೨೦೨೦ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಇಂಥ ಔಷಧಗಳಿಗಾಗಿಯೇ ಒಂದು ಚಿಕಿತ್ಸಾಲಯವು ತೆರೆದುದು ಪತ್ರಿಕೆಗಳಲ್ಲಿ ವರದಿಯಾಯಿತು. ಔಷಧದ ಗುಣದೋಷಗಳನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಅದು ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ. ಕಾನೂನು ಒಪ್ಪಿದ ಅಂಗಡಿಯೊಂದು ಇದೆಯೆಂದ ಮೇಲೆ ಅದರ ಬಾಗಿಲು ಸರಿಯಾಗಿ ತೆರೆಯಬೇಕು ಎಂಬಷ್ಟೇ ನಮ್ಮ ವಾದ.

ಹೊರದೇಶದ ಒಂದು ನಿದರ್ಶನವು ಈ ವಾದಕ್ಕೆ ಒತ್ತು ಕೊಡುತ್ತದೆ. ಕೆನಡಾ ದೇಶವು ೨೦೧೮ರ ಅಕ್ಟೋಬರ್ ೧೭ರಂದು ವಯಸ್ಕರಿಗೆ ಗಾಂಜಾ ಮಾರಾಟವನ್ನು ಕಾನೂನುಬದ್ಧಗೊಳಿಸಿತು. ಆ ದೇಶದ ಒಂಟಾರಿಯೋ ಪ್ರಾಂತದಲ್ಲಿ ಖಾಸಗಿ ಅಂಗಡಿಗಳು ತೆರೆದುದು ೨೦೧೯ರ ಏಪ್ರಿಲ್ ೧ರಂದು. ನಡುವಣ ಐದೂವರೆ ತಿಂಗಳು ಅಲ್ಲಿಯ ಸಾಮಾನ್ಯ ವಯಸ್ಕ ಗ್ರಾಹಕನಿಗೆ ಪ್ರಾಂತದ ಸರ್ಕಾರದ ಜಾಲತಾಣವೊಂದೇ ಕಾನೂನಿನ ಅಂಗಡಿ. ಜಾಲತಾಣ ನಿಂತರೆ ಅಂಗಡಿಯೇ ಮುಚ್ಚಿದಂತೆ. ಮನಗೂಳಿಯ ಮಗನ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ ಇದೆ. ಅವನಿಗೂ ಎದುರಿಗಿರುವುದು ಒಂದೇ ಬಾಗಿಲು.

೩. ಪುಟವೊಂದು ತೆರೆಯುವ ಬಗೆ

ವಿಳಂಬಕ್ಕೆ ಮದ್ದನ್ನು ಹುಡುಕುವ ಮುನ್ನ ಅದು ಹುಟ್ಟುವ ಸ್ಥಳವನ್ನು ತಿಳಿಯಬೇಕು. ಗ್ರಾಹಕನು ಮಳಿಗೆಯ ವಿಳಾಸವನ್ನು ಒತ್ತಿದೊಡನೆ ನಾಲ್ಕು ಕಾರ್ಯಗಳು ಒಂದರ ಹಿಂದೊಂದು ನಡೆಯುತ್ತವೆ. ಮೊದಲನೆಯದಾಗಿ, ಆ ಹೆಸರಿಗೆ ಸಲ್ಲುವ ಅಂಕೆಯ ವಿಳಾಸವನ್ನು ಹುಡುಕಲಾಗುತ್ತದೆ. ಎರಡನೆಯದಾಗಿ, ಮೊಬೈಲಿಗೂ ದೂರದ ಸರ್ವರಿಗೂ ಸಂಪರ್ಕ ಕುದುರುತ್ತದೆ. ಮೂರನೆಯದಾಗಿ, ಇಬ್ಬರ ಮಾತು ಮೂರನೆಯವರಿಗೆ ತಿಳಿಯದಂತೆ ಗೂಢಲಿಪಿಯ ಒಪ್ಪಂದವಾಗುತ್ತದೆ. ಬಳಿಕ, ನಾಲ್ಕನೆಯದಾಗಿ, ಪುಟವನ್ನು ಬೇಡುವ ಕೋರಿಕೆ ಹೋಗಿ ಉತ್ತರದ ಮೊದಲ ತುಣುಕು ಬರುತ್ತದೆ. ಪ್ರತಿಯೊಂದಕ್ಕೂ ಕಡಮೆಯೆಂದರೆ ಒಂದು ಹೋಗಿಬರುವ ಪ್ರಯಾಣ ಬೇಕು. ಹೊಸ ವಿಧಾನಗಳು ಎರಡನೆಯ ಮತ್ತು ಮೂರನೆಯ ಕಾರ್ಯಗಳನ್ನು ಒಂದೇ ಪ್ರಯಾಣದಲ್ಲಿ ಮುಗಿಸುತ್ತವೆಯಾದರೂ ಪ್ರಯಾಣವು ತಪ್ಪುವುದಿಲ್ಲ.

ಈ ಪ್ರಯಾಣಕ್ಕೆ ಪ್ರಕೃತಿಯೇ ಹಾಕಿದ ಮಿತಿಯೊಂದುಂಟು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨,೦೦,೦೦೦ ಕಿಲೋಮೀಟರ್ ಸಾಗುತ್ತದೆ. ಮಳಿಗೆಯ ಸರ್ವರು ಅಮೆರಿಕದ ಪೂರ್ವತೀರದಲ್ಲಿದೆಯೆಂದು ಇಟ್ಟುಕೊಂಡರೆ, ನೇರದೂರ ಸುಮಾರು ೧೩,೦೦೦ ಕಿಲೋಮೀಟರ್, ಹೋಗಿಬರಲು ೨೬,೦೦೦. ಒಂದು ಪ್ರಯಾಣಕ್ಕೆ ೦.೧೩ ಸೆಕೆಂಡಿಗಿಂತ ಕಡಮೆ ಹಿಡಿಯುವುದು ಸಾಧ್ಯವೇ ಇಲ್ಲ. ವಾಸ್ತವದಲ್ಲಿ ತಂತುವು ನೇರವಾಗಿ ಹೋಗದು. ದಾರಿಯಲ್ಲಿ ಅನೇಕ ಕಟ್ಟೆಗಳನ್ನು ಹಾಯಬೇಕು. ಆದುದರಿಂದ ಕಾಲ ಇನ್ನೂ ಹೆಚ್ಚು. ಇಂಥ ಮೂರು ನಾಲ್ಕು ಪ್ರಯಾಣಗಳಾದ ಮೇಲೆ ಪುಟದ ಮೊದಲ ಅಕ್ಷರ ಹೊರಡುತ್ತದೆ. ಅದೇ ಪುಟದ ಪ್ರತಿಯೊಂದನ್ನು ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಇರಿಸಿದರೆ ಈ ನಷ್ಟವು ಬಹುಮಟ್ಟಿಗೆ ಅಳಿಯುತ್ತದೆ. ಪ್ರತಿಗಳನ್ನು ಹೀಗೆ ಅಲ್ಲಲ್ಲಿ ಇರಿಸಿ ಸಮೀಪದಿಂದ ಹಂಚುವ ವ್ಯವಸ್ಥೆಗಳು ಈಗ ಬಾಡಿಗೆಗೆ ದೊರೆಯುತ್ತವೆ. ತಾಲ್ಲೂಕಿನ ಉಗ್ರಾಣದಲ್ಲಿ ಧಾನ್ಯವನ್ನು ಮುಂಚಿತವಾಗಿ ತುಂಬಿಡುವುದಕ್ಕೂ ಇದಕ್ಕೂ ಭೇದವಿಲ್ಲ.

ಇನ್ನು ಭಾರದ ಲೆಕ್ಕ. ಒಂದು ಪುಟವು ೩ ಮೆಗಾಬೈಟ್ ತೂಗುತ್ತದೆಯೆನ್ನೋಣ. ಒಂದು ಬೈಟಿಗೆ ಎಂಟು ಬಿಟ್ಟುಗಳಾದುದರಿಂದ ಅದು ೨೪ ಮೆಗಾಬಿಟ್. ಸಂಜೆಯ ಹೊತ್ತು ಸಂಪರ್ಕವು ಸೆಕೆಂಡಿಗೆ ೨ ಮೆಗಾಬಿಟ್ಟಿಗೆ ಇಳಿದಿದ್ದರೆ ಆ ಪುಟ ಇಳಿಯಲು ೧೨ ಸೆಕೆಂಡು ಬೇಕು. ಪುಟವನ್ನು ೫೦೦ ಕಿಲೋಬೈಟಿಗೆ ತಗ್ಗಿಸಿದರೆ ೨ ಸೆಕೆಂಡು ಸಾಕು. ಸಂಪರ್ಕವನ್ನು ಆರು ಪಟ್ಟು ಹೆಚ್ಚಿಸುವ ಶಕ್ತಿ ಮಳಿಗೆಯವನಿಗಿಲ್ಲ. ಪುಟವನ್ನು ಆರರಲ್ಲೊಂದು ಪಾಲಿಗೆ ಇಳಿಸುವ ಶಕ್ತಿ ಅವನ ಕೈಯಲ್ಲಿಯೇ ಇದೆ. ಮುಂದಿನ ವಿವೇಚನೆಯೆಲ್ಲ ಈ ಒಂದು ಮಾತಿನ ವಿಸ್ತರಣೆ.

೪. ಅಳತೆಗೋಲುಗಳು

ವೇಗವನ್ನು ಅಳೆಯಲು ಮೂರು ಅಳತೆಗಳು ಇಂದು ಬಳಕೆಯಲ್ಲಿವೆ. ಇವು ಗೂಗಲ್ ಸಂಸ್ಥೆಯು ರೂಢಿಗೆ ತಂದವು. ಪುಟದ ಮುಖ್ಯಭಾಗ, ಎಂದರೆ ಮೊದಲ ನೋಟದಲ್ಲಿ ಅತಿ ದೊಡ್ಡದಾಗಿ ಕಾಣುವ ಚಿತ್ರ ಅಥವಾ ಬರಹ, ೨.೫ ಸೆಕೆಂಡುಗಳೊಳಗೆ ಮೂಡಬೇಕೆಂಬುದು ಮೊದಲನೆಯದು. ಗ್ರಾಹಕನು ಗುಂಡಿಯನ್ನು ಮುಟ್ಟಿದಾಗ ೨೦೦ ಮಿಲಿಸೆಕೆಂಡುಗಳೊಳಗೆ ಪರದೆಯ ಮೇಲೆ ಪ್ರತಿಕ್ರಿಯೆ ತೋರಬೇಕೆಂಬುದು ಎರಡನೆಯದು. ಈ ಅಳತೆಯು ೨೦೨೪ರ ಮಾರ್ಚಿಯಲ್ಲಿ ಹಿಂದಿನ ಬೇರೊಂದರ ಸ್ಥಾನಕ್ಕೆ ಬಂದಿತು. ಪುಟದ ಭಾಗಗಳು ಓದುತ್ತಿರುವಾಗಲೇ ಜರುಗಬಾರದೆಂಬುದು ಮೂರನೆಯದು. ಜರುಗುವಿಕೆಯ ಸೂಚ್ಯಂಕವು ೦.೧ನ್ನು ಮೀರಬಾರದು. ಔಷಧದ ಅಂಗಡಿಯಲ್ಲಿ ಈ ಮೂರನೆಯದಕ್ಕೆ ವಿಶೇಷ ಬೆಲೆಯಿದೆ. ಚಿತ್ರವೊಂದು ತಡವಾಗಿ ಬಂದು ಪಟ್ಟಿಯನ್ನು ಕೆಳಕ್ಕೆ ನೂಕಿದರೆ, ಒಂದು ಔಷಧವನ್ನು ಮುಟ್ಟಹೋದ ಬೆರಳು ಇನ್ನೊಂದನ್ನು ಮುಟ್ಟೀತು.

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕ ಸೂಕ್ಷ್ಮವೊಂದಿದೆ. ಒಂದು ತಾಣಕ್ಕೆ ನೂರು ಭೇಟಿಗಳಾದರೆ, ಅವುಗಳಲ್ಲಿ ಎಪ್ಪತ್ತೈದಾದರೂ ಈ ಮಿತಿಯೊಳಗೆ ಬಂದಾಗ ತಾಣವು ಚೆನ್ನಾಗಿದೆಯೆಂದು ಗಣನೆಯಾಗುತ್ತದೆ. ಉಳಿದ ಇಪ್ಪತ್ತೈದರ ಗತಿಯೇನು? ಅವು ಸಾಮಾನ್ಯವಾಗಿ ಅಗ್ಗದ ಮೊಬೈಲಿನವು, ದುರ್ಬಲ ಸಂಪರ್ಕದವು, ದೂರದ ಊರಿನವು. ಜಿಲ್ಲೆಯ ಸರಾಸರಿ ಮಳೆಯ ಅಂಕಿಯನ್ನು ನೋಡಿ ಎಲ್ಲ ಹೊಲಗಳೂ ನೆನೆದವೆಂದು ತಿಳಿಯುವುದು ಎಷ್ಟು ತಪ್ಪೋ, ಈ ಗಣನೆಯನ್ನು ನೋಡಿ ಎಲ್ಲ ಗ್ರಾಹಕರಿಗೂ ಬಾಗಿಲು ತೆರೆಯಿತೆಂದು ತಿಳಿಯುವುದೂ ಅಷ್ಟೇ ತಪ್ಪು. ಬಟ್ಟೆಯ ಅಂಗಡಿಗೆ ಈ ಅಳತೆ ಸಾಕಾದೀತು. ವೈದ್ಯರ ಚೀಟಿ ಹಿಡಿದು ಬರುವ ರೋಗಿಗಳ ಅಂಗಡಿಗೆ ಹೊರಗುಳಿದ ಇಪ್ಪತ್ತೈದೇ ಮುಖ್ಯ.

೫. ಭಾರವಿರುವ ಸ್ಥಳಗಳು

ಮಳಿಗೆಗಳ ಪುಟಗಳಲ್ಲಿ ಭಾರವು ಹೆಚ್ಚಾಗಿ ಐದು ಕಡೆ ಕೂಡುತ್ತದೆ: ಚಿತ್ರ, ಲಿಪಿ, ವಯಸ್ಸಿನ ತಡೆ, ಸರಕಿನ ಪಟ್ಟಿ, ಮತ್ತು ಹೊರಗಿನವರ ಜಾವಾಸ್ಕ್ರಿಪ್ಟು. ಮೊದಲ ನಾಲ್ಕನ್ನು ಇಲ್ಲಿ ನೋಡಿ, ಐದನೆಯದನ್ನು ಅದರ ಗುರುತ್ವದ ಕಾರಣ ಪ್ರತ್ಯೇಕವಾಗಿ ವಿಚಾರಿಸೋಣ.

ಚಿತ್ರಗಳು: ಕ್ಯಾಮರಾದಿಂದ ಬಂದ ಚಿತ್ರವೊಂದರಲ್ಲಿ ಅಡ್ಡಕ್ಕೆ ೪,೦೦೦, ಉದ್ದಕ್ಕೆ ೩,೦೦೦ ಬಿಂದುಗಳಿದ್ದರೆ ಒಟ್ಟು ೧,೨೦,೦೦,೦೦೦ ಬಿಂದುಗಳಾದವು. ೭೨೦ ಬಿಂದು ಅಗಲದ ಅಗ್ಗದ ಮೊಬೈಲಿನ ಪರದೆಗೆ ಬೇಕಾದುದು ೭೨೦ಕ್ಕೆ ೫೪೦, ಎಂದರೆ ೩,೮೮,೮೦೦ ಮಾತ್ರ. ಮಿಕ್ಕುದೆಲ್ಲ ಗ್ರಾಹಕನ ಹಣದಿಂದ ಇಳಿದು, ಅವನ ಕಣ್ಣಿಗೆ ಬೀಳದೆ ಹೋಗುವ ಬಿಂದುಗಳು. ಮೂವತ್ತು ಮೂಟೆ ತರಿಸಿ ಒಂದನ್ನು ಬಿಚ್ಚಿದಂತೆ. ಪರದೆಯ ಅಗಲಕ್ಕೆ ತಕ್ಕಂತೆ ಎರಡು ಮೂರು ಅಳತೆಗಳಲ್ಲಿ ಚಿತ್ರವನ್ನು ಸಿದ್ಧಪಡಿಸುವುದು, ವೆಬ್‌ಪಿ ಅಥವಾ ಏವಿಫ್‌ನಂಥ ಹೊಸ ರೂಪದಲ್ಲಿ ಅಡಕಗೊಳಿಸುವುದು, ಪುಟದ ಕೆಳಭಾಗದ ಚಿತ್ರಗಳನ್ನು ಗ್ರಾಹಕನು ಅಲ್ಲಿಗೆ ಇಳಿದಾಗಲೇ ತರಿಸುವುದು ಇವು ಬಲ್ಲವರ ರೂಢಿ. ಆದರೆ ಮೊದಲ ನೋಟದ ಮುಖ್ಯ ಚಿತ್ರವನ್ನು ಹೀಗೆ ತಡೆಯಬಾರದು. ಚಿತ್ರದ ಅಗಲ ಎತ್ತರಗಳನ್ನು ಪುಟದಲ್ಲಿ ಮೊದಲೇ ನಮೂದಿಸಿದರೆ ಅದಕ್ಕೆ ಸ್ಥಳ ಮೀಸಲಾಗುತ್ತದೆ. ಹಿಂದೆ ಹೇಳಿದ ಜರುಗುವಿಕೆ ನಿಲ್ಲುತ್ತದೆ.

ಲಿಪಿ: ಕನ್ನಡದ ಪುಟವು ಇಂಗ್ಲಿಷಿನದಕ್ಕಿಂತ ಭಾರವಾಗುತ್ತದೆ, ಆದುದರಿಂದ ಇಂಗ್ಲಿಷೊಂದೇ ಇರಲಿ ಎಂಬ ವಾದವೊಂದು ಕೇಳಿಬರಬಹುದು. ಇದನ್ನು ಪರೀಕ್ಷಿಸೋಣ. ಯೂನಿಕೋಡಿನ ಬಳಕೆಯ ರೂಪದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕೆಂಬುದು ನಿಜ. ‘ಮನಗೂಳಿ’ ಎಂಬ ಪದದಲ್ಲಿ ಸ್ವರಚಿಹ್ನೆಗಳೂ ಸೇರಿ ಆರು ಸಂಕೇತಗಳು, ೧೮ ಬೈಟುಗಳು. ಒಂದು ಪದಕ್ಕೆ ಎಂಟು ಸಂಕೇತಗಳಂತೆ ಹಿಡಿದರೂ ಸಾವಿರ ಪದಗಳ ಬರಹಕ್ಕೆ ೨೪,೦೦೦ ಬೈಟು, ಎಂದರೆ ಸುಮಾರು ೨೪ ಕಿಲೋಬೈಟು. ಕಳುಹಿಸುವಾಗ ಅಡಕಗೊಳಿಸಿದರೆ ಅದು ಇನ್ನೂ ಬಹಳ ಇಳಿಯುತ್ತದೆ. ೩ ಮೆಗಾಬೈಟಿನ ಚಿತ್ರವೊಂದರ ಪಕ್ಕದಲ್ಲಿ ಇದು ಲೆಕ್ಕಕ್ಕೆ ಬಾರದು. ಭಾರ ಕನ್ನಡದ್ದಲ್ಲ, ಕನ್ನಡದ ಮೇಲೆ ಹೊರಿಸಿದ ಅಲಂಕಾರದ ಫಾಂಟುಗಳದ್ದು, ಮತ್ತು ಬರಹವನ್ನು ಬರಹವಾಗಿ ಕೊಡದೆ ಚಿತ್ರವಾಗಿ ಅಂಟಿಸುವ ಹಳೆಯ ಅಭ್ಯಾಸದ್ದು. ಹೀಗೆ ಅಂಟಿಸಿದ ಬರಹವನ್ನು ಶೋಧಯಂತ್ರವು ಸುಲಭವಾಗಿ ಕಾಣದು. ಕಣ್ಣು ಕಾಣದವರಿಗೆ ಓದಿ ಹೇಳುವ ಸಾಧನವು ಓದಲಾರದು. ಇಂದಿನ ಮೊಬೈಲುಗಳಲ್ಲಿ ಕನ್ನಡದ ಫಾಂಟು ಮೊದಲೇ ಇರುತ್ತದೆ. ಅದನ್ನೇ ಬಳಸಿದರೆ ಇಳಿಸಿಕೊಳ್ಳಬೇಕಾದ ಫಾಂಟಿನ ಭಾರ ಸೊನ್ನೆ. ಔಷಧದ ಪ್ರಮಾಣವನ್ನೂ ಎಚ್ಚರಿಕೆಯನ್ನೂ ರೋಗಿಯ ಮನೆಯವರು ತಮ್ಮ ಭಾಷೆಯಲ್ಲಿ ಓದಬೇಕಾದ ಸ್ಥಳದಲ್ಲಿ, ವೇಗದ ನೆಪದಿಂದ ಕನ್ನಡವನ್ನು ಬಿಡುವುದಕ್ಕೆ ಆಧಾರವಿಲ್ಲ.

ವಯಸ್ಸಿನ ತಡೆ: ಇಂಥ ತಾಣಗಳಲ್ಲಿ, ವಿಶೇಷವಾಗಿ ಹೊರದೇಶಗಳವುಗಳಲ್ಲಿ, ನೀವು ವಯಸ್ಕರೇ ಎಂದು ಕೇಳುವ ತೆರೆಯೊಂದು ಮೊದಲು ಬರುತ್ತದೆ. ಅನೇಕ ವೇಳೆ ಈ ತೆರೆಯು ದೊಡ್ಡ ಜಾವಾಸ್ಕ್ರಿಪ್ಟಿನಿಂದ ಕಟ್ಟಿದುದಾಗಿದ್ದು, ಅದು ಇಳಿದು ಓಡುವವರೆಗೆ ಪುಟವನ್ನೇ ಮುಚ್ಚಿಟ್ಟಿರುತ್ತದೆ. ಪ್ರಶ್ನೆ ಒಂದು ಸಾಲಿನದು; ಅದನ್ನು ಕೇಳಲು ಸಾದಾ ಎಚ್‌ಟಿಎಂಎಲ್‌ನ ಕೆಲವು ಸಾಲುಗಳು ಸಾಕು. ಈ ಪ್ರಶ್ನೆಗೆ ಹೌದೆನ್ನುವುದರಿಂದ ವಯಸ್ಸು ಸಾಬೀತಾಗುವುದೂ ಇಲ್ಲ. ನಿಜವಾದ ಪರೀಕ್ಷೆ ನಡೆಯುವುದು ಚೀಟಿಯನ್ನು ನೋಡುವಾಗ, ಔಷಧವನ್ನು ಕೈಗೊಪ್ಪಿಸುವಾಗ. ಆದಕಾರಣ ತಡೆಯು ಹಗುರವಾಗಿದ್ದು, ಕಾವಲು ಬಿಗಿಯಾಗಿರುವುದು ಯುಕ್ತ.

ಸರಕಿನ ಪಟ್ಟಿ: ಅಮೆರಿಕ, ಕೆನಡಾಗಳ ಅನೇಕ ಮಳಿಗೆಗಳು ತಮ್ಮ ಪಟ್ಟಿಯನ್ನು ತಾವೇ ಬರೆಯದೆ, ಬೇರೊಂದು ಸಂಸ್ಥೆಯ ಪಟ್ಟಿಯನ್ನು ತಮ್ಮ ಪುಟದೊಳಗೆ ಚೌಕಟ್ಟು ಕೊರೆದು ಕೂರಿಸುತ್ತವೆ. ಆಗ ಗ್ರಾಹಕನು ತೆರೆಯುವುದು ಒಂದು ಪುಟವಲ್ಲ, ಎರಡು. ಒಳಗಿನದು ತನ್ನ ಬರಹ, ಚಿತ್ರ, ಲಿಪಿಗಳನ್ನೆಲ್ಲ ಬೇರೆಯಾಗಿ ತರುತ್ತದೆ. ನಮ್ಮ ಮಳಿಗೆಗಳಲ್ಲಿ ಔಷಧಗಳ ಸಂಖ್ಯೆ ಸ್ವಲ್ಪವೇ ಇರುವುದರಿಂದ ಪಟ್ಟಿಯನ್ನು ಸರ್ವರಿನಲ್ಲಿಯೇ ಸಿದ್ಧಪಡಿಸಿ ಕಳುಹಿಸುವುದು ಸುಲಭ. ಇಲ್ಲಿ ಒಂದು ವಿವೇಕ ಬೇಕು. ಔಷಧದ ವಿವರ, ಎಚ್ಚರಿಕೆ, ಚಿತ್ರ ಇವು ದಿನದಿನಕ್ಕೆ ಬದಲಾಗುವುವಲ್ಲ. ಇವುಗಳ ಪ್ರತಿಯನ್ನು ಗ್ರಾಹಕನ ಮೊಬೈಲಿನಲ್ಲಿಯೇ ಬಹುಕಾಲ ಉಳಿಸಬಹುದು. ಎಚ್ಚರಿಕೆಯ ಮಾತು ತಿದ್ದುಪಡಿಯಾದ ದಿನ ಕಡತದ ಹೆಸರನ್ನೂ ಬದಲಿಸಿದರೆ ಹಳೆಯ ಪ್ರತಿ ತಾನಾಗಿ ಬಿದ್ದುಹೋಗುತ್ತದೆ. ಬೆಲೆ ಮತ್ತು ದಾಸ್ತಾನು ಮಾತ್ರ ಪ್ರತಿಸಲವೂ ಹೊಸದಾಗಿ ಬರಬೇಕು. ಅವು ಕೆಲವೇ ಅಂಕೆಗಳು. ಎಲ್ಲವನ್ನೂ ಹಳೆಯ ಪ್ರತಿಯಿಂದ ಕೊಟ್ಟರೆ ವೇಗ ಬಂದೀತು, ಸತ್ಯ ಹೋದೀತು; ಇಲ್ಲದ ಔಷಧವನ್ನು ಇದೆಯೆಂದು ತೋರಿಸಿದಂತಾದೀತು.

೬. ಸ್ಪಂದನೆಯ ವಿಚಾರ

ಪುಟವು ಕಣ್ಣಿಗೆ ಕಂಡಿತೆಂದ ಮಾತ್ರಕ್ಕೆ ಅದು ಕೆಲಸಕ್ಕೆ ಬಂದಿತೆಂದಲ್ಲ. ಗುಂಡಿಯನ್ನು ಒತ್ತಿದರೂ ಏನೂ ಆಗದಿರುವುದು ಎಲ್ಲರ ಅನುಭವದಲ್ಲಿಯೂ ಇದೆ. ಇದರ ಕಾರಣ ಹೀಗಿದೆ: ಬ್ರೌಸರಿನ ಮುಖ್ಯ ಕೆಲಸಗಾರನು ಒಬ್ಬನೇ. ಪುಟವನ್ನು ಬರೆಯುವವನೂ ಅವನೇ, ಜಾವಾಸ್ಕ್ರಿಪ್ಟನ್ನು ನಡೆಸುವವನೂ ಅವನೇ, ಗ್ರಾಹಕನ ಬೆರಳಿಗೆ ಓಗೊಡುವವನೂ ಅವನೇ. ಅವನು ದೀರ್ಘವಾದ ಕೆಲಸವೊಂದರಲ್ಲಿ ಮುಳುಗಿದ್ದರೆ ಬಾಗಿಲು ತಟ್ಟಿದವನು ಕಾಯಬೇಕು. ೫೦ ಮಿಲಿಸೆಕೆಂಡಿಗೆ ಮೀರಿದ ಕೆಲಸವನ್ನು ದೀರ್ಘವೆಂದು ಎಣಿಸುವ ವಾಡಿಕೆ. ಸಮಾನ ತೂಕದ ಚಿತ್ರಕ್ಕಿಂತ ಜಾವಾಸ್ಕ್ರಿಪ್ಟು ಹೆಚ್ಚು ದುಬಾರಿಯಾಗುವುದು ಇದರಿಂದಲೇ; ಅದು ಇಳಿದರೆ ಸಾಲದು, ಅದನ್ನು ಓದಿ, ಅರ್ಥಮಾಡಿ, ನಡೆಸಬೇಕು. ದುಬಾರಿ ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಮುಗಿಯುವ ಈ ಕೆಲಸ ಅಗ್ಗದ ಮೊಬೈಲಿನಲ್ಲಿ ಹಲವು ಪಟ್ಟು ಕಾಲ ಹಿಡಿಯುತ್ತದೆ. ದೀರ್ಘವಾದ ಕೆಲಸವನ್ನು ತುಂಡುಗಳಾಗಿ ಒಡೆದು, ನಡುನಡುವೆ ಬೆರಳಿನ ಕರೆಗೆ ಎಡೆಗೊಡುವುದು ಒಂದು ಉಪಾಯ. ಬೇಡವಾದ ಕೆಲಸವನ್ನು ತೆಗೆದೇಹಾಕುವುದು ಅದಕ್ಕಿಂತ ಉತ್ತಮವಾದ ಉಪಾಯ.

ವಿಜಯಾ ಔಷಧದ ಮಳಿಗೆಗಳಿಗೆ ವಿಶೇಷವಾದ ಸಂದರ್ಭವೆಂದರೆ ವೈದ್ಯರ ಚೀಟಿಯನ್ನು ಕಳುಹಿಸುವುದು. ಗ್ರಾಹಕನು ಚೀಟಿಯ ಚಿತ್ರ ತೆಗೆದು ಕಳುಹಿಸುತ್ತಾನೆ. ಆ ಚಿತ್ರವು ೪ ಮೆಗಾಬೈಟಿನದಾಗಿದ್ದು, ಹೊರಗೆ ಕಳುಹಿಸುವ ವೇಗವು ಸೆಕೆಂಡಿಗೆ ಅರ್ಧ ಮೆಗಾಬಿಟ್ ಇದ್ದರೆ, ೬೪ ಸೆಕೆಂಡು ಬೇಕಾಗುತ್ತದೆ. ನಡುವೆ ಸಂಪರ್ಕ ಕಡಿದರೆ ಮೊದಲಿಂದ ಪ್ರಾರಂಭ. ಕಳುಹಿಸುವ ಮುನ್ನ ಮೊಬೈಲಿನಲ್ಲಿಯೇ ಚಿತ್ರವನ್ನು, ಅಕ್ಷರಗಳು ಸ್ಪಷ್ಟವಾಗಿ ಉಳಿಯುವಂತೆ, ೩೦೦ ಕಿಲೋಬೈಟಿನಷ್ಟಕ್ಕೆ ಕುಗ್ಗಿಸಿದರೆ ಐದು ಸೆಕೆಂಡುಗಳೊಳಗೆ ಕೆಲಸ ಮುಗಿಯುತ್ತದೆ. ಎಷ್ಟು ಭಾಗ ಹೋಯಿತೆಂಬುದನ್ನು ತೋರಿಸುವುದು, ಕಡಿದಲ್ಲಿಂದಲೇ ಮುಂದುವರಿಸುವುದು, ತಲಪಿತೆಂಬ ರಸೀದಿಯನ್ನು ಕನ್ನಡದಲ್ಲಿ ಕೊಡುವುದು ಇವೂ ಸ್ಪಂದನೆಯ ಅಂಗಗಳೇ. ಕಾಯುವವನಿಗೆ ತಾನು ಏಕೆ ಕಾಯುತ್ತಿರುವೆನೆಂಬುದು ತಿಳಿದಿರಬೇಕು.

೭. ಹೊರಗಿನವರ ಲಿಪಿಯೂ ರೋಗಿಯ ಗುಟ್ಟೂ

ಐದನೆಯ ಭಾರವು ಎಲ್ಲಕ್ಕಿಂತ ಗುರುತರವಾದುದು. ವ್ಯಾಪಾರದ ಪುಟಗಳಲ್ಲಿ ಮಳಿಗೆಯವನ ಬರಹದೊಡನೆ ಬೇರೆ ಬೇರೆ ಸಂಸ್ಥೆಗಳ ಜಾವಾಸ್ಕ್ರಿಪ್ಟುಗಳು ಸೇರಿಕೊಳ್ಳುವುದು ಸಾಮಾನ್ಯ: ಭೇಟಿಗಳನ್ನು ಎಣಿಸುವುದು ಒಂದು, ಜಾಹೀರಾತಿಗಾಗಿ ಗುರುತು ಹಿಡಿಯುವುದು ಇನ್ನೊಂದು, ಸಂಭಾಷಣೆಯ ಪೆಟ್ಟಿಗೆ ಮತ್ತೊಂದು, ನಕ್ಷೆ ಮಗುದೊಂದು. ಇವುಗಳಲ್ಲಿ ಪ್ರತಿಯೊಂದೂ ಬೇರೆಯ ಸರ್ವರಿಗೆ ಹೋಗಬೇಕು. ಮೂರನೆಯ ಭಾಗದಲ್ಲಿ ಹೇಳಿದ ಪ್ರಯಾಣಗಳೆಲ್ಲ ಪ್ರತಿಯೊಂದಕ್ಕೂ ಹೊಸದಾಗಿ ಪ್ರಾರಂಭವಾಗುತ್ತವೆ. ಒಂದಾದರೂ ತಡೆದರೆ, ಪುಟದ ರಚನೆ ಎಚ್ಚರವಿಲ್ಲದುದಾಗಿದ್ದಲ್ಲಿ, ಪುಟವೇ ತಡೆಯುತ್ತದೆ.

ಇದು ಕಾಲದ ನಷ್ಟ ಮಾತ್ರವಲ್ಲ. ವಿಜಯಾ ಔಷಧವನ್ನು ಹುಡುಕುತ್ತಿರುವವನು ರೋಗಿ, ಅಥವಾ ರೋಗಿಯ ಮನೆಯವನು. ಅವನು ಯಾವ ಪುಟವನ್ನು ತೆರೆದನೆಂಬುದೇ ಅವನ ಮನೆಯ ಗುಟ್ಟು. ಹೊರಗಿನ ಜಾವಾಸ್ಕ್ರಿಪ್ಟು ಆ ಗುಟ್ಟನ್ನು ಹೊರಗೆ ಒಯ್ಯಬಲ್ಲುದು. ೨೦೨೩ರ ವ್ಯಕ್ತಿಮಾಹಿತಿ ರಕ್ಷಣೆಯ ಕಾಯಿದೆಯು ಇಂಥ ಮಾಹಿತಿಯನ್ನು ಬಳಸುವವನ ಮೇಲೆ ಹೊಣೆಯನ್ನು ಹೊರಿಸಿದೆ. ಚಿಕ್ಕ ಊರಿನಲ್ಲಿ, ಹೆಸರು ಕೇಳಿದೊಡನೆ ಜನ ಹುಬ್ಬೇರಿಸುವ ಈ ಔಷಧದ ವಿಷಯದಲ್ಲಿ, ಕಾಯಿದೆಗಿಂತ ಮೊದಲೇ ಮರ್ಯಾದೆಯ ಪ್ರಶ್ನೆ ಏಳುತ್ತದೆ. ಪುಟವನ್ನು ನಿಧಾನಗೊಳಿಸುವ ವಸ್ತುವೂ ಗುಟ್ಟನ್ನು ಸೋರಿಸುವ ವಸ್ತುವೂ ಒಂದೇ ಆಗಿರುವಾಗ, ಅದನ್ನು ತೆಗೆಯುವುದರಿಂದ ಎರಡು ಪ್ರಯೋಜನಗಳು ಒಮ್ಮೆಗೇ ದೊರೆಯುತ್ತವೆ. ಭೇಟಿಗಳ ಸಂಖ್ಯೆ ಬೇಕೆನ್ನುವ ಮಳಿಗೆಯವನಿಗೆ ತನ್ನ ಸರ್ವರಿನ ದಿನಚರಿಯೇ ಅದನ್ನು ತಿಳಿಸಬಲ್ಲುದು. ನಕ್ಷೆಯ ಬದಲು ಎರಡು ಸಾಲಿನ ವಿಳಾಸ ಸಾಕು. ಮುಟ್ಟಿದಾಗ ನಕ್ಷೆ ತೆರೆಯಲಿ.

೮. ಮೊದಲು ಬರತಕ್ಕದ್ದು ಯಾವುದು

ಮನಗೂಳಿಯ ಹಳೆಯ ಶಾಸನಗಳನ್ನು ಫ್ಲೀಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ನಮ್ಮ ಕಾಲೇಜುಗಳಲ್ಲಿ ಶಾಸನಗಳನ್ನು ಓದಿಸುವವರಿಗೆ ದಾನಶಾಸನಗಳ ಸಾಮಾನ್ಯ ಕ್ರಮವು ತಿಳಿದೇ ಇದೆ: ಮೊದಲು ದೇವತಾಸ್ತುತಿ, ಬಳಿಕ ಅರಸನ ಬಿರುದಾವಳಿ, ವಂಶವರ್ಣನೆ; ಯಾರು ಯಾರಿಗೆ ಏನನ್ನು ಕೊಟ್ಟರೆಂಬುದು ಬಹಳ ಕೆಳಗೆ. ಕಲ್ಲಿಗೆ ಇದು ಒಪ್ಪುತ್ತದೆ. ಕಲ್ಲು ಓದುಗನ ಮುಂದೆ ಒಮ್ಮೆಗೇ ನಿಂತಿರುತ್ತದೆ. ಜಾಲತಾಣದ ಪುಟ ಹಾಗಲ್ಲ. ಅದು ತುಣುಕುತುಣುಕಾಗಿ ಬರುತ್ತದೆ. ಮೊದಲು ಬಂದುದಷ್ಟೇ ಕೆಲವರಿಗೆ ದೊರೆಯುತ್ತದೆ. ಆದುದರಿಂದ ಮಳಿಗೆಯ ಪುಟದಲ್ಲಿ ಪ್ರಶಸ್ತಿಯ ಭಾಗ ಕೊನೆಗೆ ಹೋಗಬೇಕು. ವೈದ್ಯರ ಮೇಲ್ವಿಚಾರಣೆಯ ಎಚ್ಚರಿಕೆ, ಔಷಧದ ಹೆಸರು, ಅದು ದೊರೆಯುತ್ತದೆಯೋ ಇಲ್ಲವೋ ಎಂಬ ಮಾಹಿತಿ, ಮಾತಾಡಲು ದೂರವಾಣಿಯ ಸಂಖ್ಯೆ, ಈ ನಾಲ್ಕು ಮೊದಲ ಕೆಲವು ಕಿಲೋಬೈಟುಗಳಲ್ಲಿಯೇ ಬಂದುಬಿಡಬೇಕು. ಅನಂತರ ಸಂಪರ್ಕ ಕಡಿದರೂ ಬಂದವನು ಬರಿಗೈಯಲ್ಲಿ ಹೋಗುವುದಿಲ್ಲ.

ವಿದ್ಯಾರ್ಥಿಗಳಿಗೆ ಇದರಲ್ಲಿ ಸಂಶೋಧನೆಯ ಅವಕಾಶವೂ ಉಂಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಕಡೆ, ಒಂದೇ ತರದ ಅಗ್ಗದ ಮೊಬೈಲನ್ನು ಹಿಡಿದು, ಬೆಳಗ್ಗೆ, ಮಧ್ಯಾಹ್ನ, ಸಂಜೆ ಅವವೇ ಪುಟಗಳನ್ನು ತೆರೆದು, ಭಾರವೆಷ್ಟು, ಮುಖ್ಯಭಾಗ ಕಾಣಲು ಹಿಡಿದ ಕಾಲವೆಷ್ಟು, ಎಚ್ಚರಿಕೆಯ ಮಾತು ಎಷ್ಟು ಹೊತ್ತಿಗೆ ಕಂಡಿತು ಎಂಬುದನ್ನು ಒಂದು ತಿಂಗಳು ಬರೆದಿಡಬಹುದು. ಪ್ರತಿಸಲವೂ ಹಳೆಯ ಪ್ರತಿಗಳನ್ನು ಅಳಿಸಿ ತೆರೆಯಬೇಕು. ಇಲ್ಲವಾದರೆ ಎರಡನೆಯ ಭೇಟಿಯ ವೇಗವು ಮೊದಲನೆಯದರ ಸತ್ಯವನ್ನು ಮರೆಸುತ್ತದೆ. ಔಷಧದ ಮಳಿಗೆಗಳಿಗೆಂದು ಕಲಿತ ಈ ವಿಧಾನವು ಪಹಣಿ, ವಿದ್ಯಾರ್ಥಿವೇತನ, ಆಸ್ಪತ್ರೆಯ ಸರದಿ ಮೊದಲಾದ ಸಾರ್ವಜನಿಕ ಪುಟಗಳಿಗೂ ಸಲ್ಲುತ್ತದೆ.

ಒಟ್ಟಿನಲ್ಲಿ ಹೇಳಬೇಕಾದುದು ಇಷ್ಟು. ಇಲ್ಲಿ ಸೂಚಿಸಿದ ಉಪಾಯಗಳಲ್ಲಿ ಬಹುಪಾಲು ಹೊಸದೊಂದನ್ನು ಕೊಂಡುತರುವುದಲ್ಲ, ಇರುವುದನ್ನು ಬಿಡುವುದು. ದೊಡ್ಡ ಚಿತ್ರ, ಬೇಡದ ಫಾಂಟು, ಭಾರವಾದ ತೆರೆ, ಎರವಲು ಪಟ್ಟಿ, ಹೊರಗಿನವರ ಕಣ್ಣು, ಇವು ಮಳಿಗೆಯವನ ಅನುಕೂಲಕ್ಕಾಗಿ ಸೇರಿದವು. ಇವುಗಳ ಬೆಲೆಯನ್ನು ತೆರುವವನು ಮಾತ್ರ ದೂರದ ಊರಿನಲ್ಲಿ ಅಗ್ಗದ ಮೊಬೈಲನ್ನು ಹಿಡಿದು ಕಾಯುತ್ತಿರುವವನು. ೧೮೯೪ರ ಆಯೋಗವು ಕಣ್ಣಿಗೆ ಕಾಣುವ ಅಂಗಡಿಯೇ ಲೇಸೆಂದು ತಿಳಿದಿತ್ತು. ಪುಟದ ಮಟ್ಟಿಗೆ ಕಣ್ಣಿಗೆ ಕಾಣುವುದೆಂದರೆ ಕಾಲದೊಳಗೆ ತೆರೆದುಕೊಳ್ಳುವುದು. ಕಾನೂನು ತೆರೆದ ಬಾಗಿಲನ್ನು ಕಿಲೋಬೈಟುಗಳು ಮುಚ್ಚದಂತೆ ನೋಡಿಕೊಳ್ಳುವುದು ಮಳಿಗೆಯವನ ಕರ್ತವ್ಯ. ಅದು ಮುಚ್ಚಿದೆಯೋ ತೆರೆದಿದೆಯೋ ಎಂದು ಊರೂರಿನಿಂದ ಅಳೆದು ಹೇಳುವುದು ನಮ್ಮಂಥ ವಿದ್ಯಾಸಂಸ್ಥೆಗಳಿಂದ ಆಗತಕ್ಕ ಕೆಲಸ.